ಕಂಬಳದ ವೀಕ್ಷಕ ವಿವರಣೆಗೆ ಅನೌನ್ಸರ್ ಕನ್ಸೋಲನ್ನು ಹೊಂದಿಸಿಕೊಂಡ ಬಗೆ

ಮಂಗಳೂರು, ಮೂಡುಬಿದಿರೆ, ಕಾರ್ಕಳ ಸುತ್ತಿನ ಕಂಬಳಗಳ ನೇರಪ್ರಸಾರದಲ್ಲಿ ಧ್ವನಿಯ ಹೊಣೆಯನ್ನು ನಾನು ಹೊರುತ್ತೇನೆ. ವೀಕ್ಷಕ ವಿವರಣೆ ನೀಡುವವರ ಮುಂದಿಡುವ ಅನೌನ್ಸರ್ ಕನ್ಸೋಲಿನಲ್ಲಿ ಮೇಲ್ನೋಟಕ್ಕೆ ಕಾಣುವುದು ಮೈಕಿನ ಮುಖ್ಯ ಬಟನ್, ಪ್ರಸಾರಕ್ಕೆ ಹೋಗದಂತೆ ನಿರ್ದೇಶಕರ ತಂಡದೊಡನೆ ಮಾತನಾಡಲು ಒಂದೆರಡು ಟಾಕ್‌ಬ್ಯಾಕ್ ಬಟನ್, ಹೆಡ್‌ಫೋನಿನ ವಾಲ್ಯೂಮ್ ನಾಬ್, ಇಷ್ಟೇ. ಆದರೆ ಒತ್ತಿದಾಗ ಪ್ರತಿ ಬಟನ್ ಹೇಗೆ ವರ್ತಿಸಬೇಕೆಂಬುದನ್ನು ಪ್ರಸಾರಕ್ಕೆ ಮೊದಲೇ ನಿಗದಿಪಡಿಸಬೇಕಾಗುತ್ತದೆ. ಹಳೆಯ ಮಾದರಿಗಳಲ್ಲಿ ಇದನ್ನು ಪೆಟ್ಟಿಗೆಯ ಡಿಪ್ ಸ್ವಿಚ್ ಎಂಬ ಪುಟ್ಟ ಸ್ವಿಚ್‌ಗಳಿಂದ ಮಾಡುತ್ತಿದ್ದರೆ, ಡಾಂಟೆಯಂತಹ ನೆಟ್‌ವರ್ಕ್ ಆಡಿಯೋ ಬಳಸುವ ಈಗಿನ ಮಾದರಿಗಳಲ್ಲಿ ಲ್ಯಾಪ್‌ಟಾಪಿನಿಂದಲೇ ಮಾಡಬಹುದು.

ಮುಖ್ಯ ಬಟನ್ನಿಗೆ ಸಾಮಾನ್ಯವಾಗಿ ಮೂರು ಬಗೆಯ ವರ್ತನೆಗಳಿರುತ್ತವೆ. ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಮೈಕ್ ಆನ್ ಆಗಿರುವುದು ಒಂದು. ಮೈಕ್ ಸದಾ ಆನ್ ಇದ್ದು, ಕೆಮ್ಮು ಬಂದಾಗ ಒತ್ತಿ ಹಿಡಿದರೆ ಮಾತ್ರ ಮ್ಯೂಟ್ ಆಗುವುದು ಇನ್ನೊಂದು. ಒಮ್ಮೆ ಒತ್ತಿದರೆ ಆನ್, ಮತ್ತೊಮ್ಮೆ ಒತ್ತಿದರೆ ಆಫ್ ಆಗುವುದು ಮೂರನೆಯದು. ಮೊದಲನೆಯದನ್ನು ನಾನು ಆರಂಭದಲ್ಲೇ ಕೈಬಿಟ್ಟೆ. ನಮ್ಮ ಹಿರಿಯ ವಿವರಣೆಕಾರರೊಬ್ಬರು, "ಒಂದು ಕೈಯಲ್ಲಿ ಕೋಣಗಳ ಪಟ್ಟಿ, ಇನ್ನೊಂದರಲ್ಲಿ ಪೆನ್ನು, ಬಟನ್ ಹಿಡಿದುಕೊಳ್ಳಲು ಮೂರನೇ ಕೈ ಎಲ್ಲಿಂದ ತರುವುದು ಮಾರಾಯ್ರೆ?" ಎಂದು ಕೇಳಿದ ಮೇಲೆ ಅದರ ಬಗ್ಗೆ ಚರ್ಚೆಯೇ ಉಳಿಯಲಿಲ್ಲ.

ಉಳಿದ ಎರಡರಲ್ಲಿ ಯಾವುದು ಎಂಬುದನ್ನು ಕುರ್ಚಿಯಲ್ಲಿ ಕೂರುವವರನ್ನು ನೋಡಿ ತೀರ್ಮಾನಿಸುತ್ತೇನೆ. ಕಂಬಳ ಬೆಳಗ್ಗೆ ಆರಂಭವಾದರೆ ರಾತ್ರಿಯಿಡೀ ನಡೆದು ಮರುದಿನಕ್ಕೂ ಮುಂದುವರಿಯುವುದುಂಟು. ಕನೆಹಲಗೆ, ಹಗ್ಗ, ನೇಗಿಲು ಎಂದು ವಿಭಾಗಗಳು ಬದಲಾಗುವ ನಡುವೆ, ಕೋಣಗಳನ್ನು ಓಟ ಶುರುವಾಗುವ ಗಂತಿಗೆ ತಂದು ನಿಲ್ಲಿಸುವವರೆಗೆ, ವಿವರಣೆಕಾರರಿಗೆ ಬಿಡುವು ಸಿಗುತ್ತದೆ. ಆ ಬಿಡುವಿನಲ್ಲಿ ಅವರು ಚಹಾ ಕುಡಿಯುತ್ತಾರೆ, ಪಕ್ಕದವರೊಡನೆ ಮಾತನಾಡುತ್ತಾರೆ. ಆದ್ದರಿಂದ ಮುಖ್ಯ ವಿವರಣೆಕಾರರಿಗೆ ಒತ್ತಿದರೆ ಆನ್, ಮತ್ತೆ ಒತ್ತಿದರೆ ಆಫ್ ಎಂಬ ವರ್ತನೆಯನ್ನೇ ಕೊಟ್ಟು, ಬಟನ್ನಿನ ದೀಪವನ್ನು ಆನ್ ಇದ್ದಾಗ ಹೊಳೆಯುವಂತೆ ಇಟ್ಟು, ಪೆಟ್ಟಿಗೆಯನ್ನು ಹೊನಲು ಬೆಳಕು ನೇರವಾಗಿ ಬೀಳದ ಓರೆಯಲ್ಲಿ ಇರಿಸುತ್ತೇನೆ. ದೀಪ ಕಾಣದಿದ್ದರೆ ಈ ವರ್ತನೆಯಷ್ಟು ಅಪಾಯಕಾರಿ ಬೇರೊಂದಿಲ್ಲ. ಕೋಣಗಳ ಯಜಮಾನರೋ ಹಿರಿಯ ಓಟಗಾರರೋ ಅತಿಥಿಯಾಗಿ ಬಂದು ಕೂತರೆ ಅವರ ಕನ್ಸೋಲಿಗೆ ಒತ್ತಿದರೆ ಮ್ಯೂಟ್ ಆಗುವ ವರ್ತನೆ ಸಾಕು. ಅವರು ಯಾವ ಬಟನ್ನನ್ನೂ ನೆನಪಿಡಬೇಕಾಗಿಲ್ಲ. ಅವರ ಮಾತು ಮುಗಿದ ಮೇಲೆ ನಾನೇ ಮಿಕ್ಸರಿನಲ್ಲಿ ಆ ಚಾನೆಲನ್ನು ಇಳಿಸುತ್ತೇನೆ.

ಟಾಕ್‌ಬ್ಯಾಕ್ ವಿಷಯದಲ್ಲಿ ನನ್ನದು ಖಚಿತವಾದ ನಿಲುವು. ಚುಟುಕಾಗಿ ತಟ್ಟಿದರೆ ಆನ್ ಆಗಿಯೇ ಉಳಿಯುವ, ಒತ್ತಿ ಹಿಡಿದರೆ ಕೈ ಬಿಟ್ಟೊಡನೆ ಆಫ್ ಆಗುವ ಹೈಬ್ರಿಡ್ ವರ್ತನೆ ಸ್ಟುಡಿಯೋದಲ್ಲಿ ಅನುಕೂಲಕರ. ಆದರೆ ಟಾಕ್‌ಬ್ಯಾಕ್ ಆನ್ ಇರುವಷ್ಟು ಹೊತ್ತು ಕನ್ಸೋಲ್ ಮುಖ್ಯ ಧ್ವನಿಯನ್ನು ತಾನಾಗಿ ಕಡಿಯುತ್ತದೆ. ಬೆರಳು ತಾಗಿ ಅದು ಆನ್ ಆಗಿಯೇ ಉಳಿದರೆ ವಿವರಣೆಕಾರರು ಮಾತನಾಡುತ್ತಲೇ ಇರುತ್ತಾರೆ, ಕೇಳುಗರಿಗೆ ಏನೂ ಕೇಳಿಸುವುದಿಲ್ಲ. 2020ರ ಐಕಳ ಕಂಬಳದಲ್ಲಿ ಓಟಗಾರ ಶ್ರೀನಿವಾಸ ಗೌಡರು 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಕ್ರಮಿಸಿದ್ದರು. ಅಷ್ಟು ಹೊತ್ತಿನ ಮೌನವೆಂದರೆ ಇಡೀ ಓಟವೇ ಕೈತಪ್ಪಿದಂತೆ. ಹಾಗಾಗಿ ನಮ್ಮಲ್ಲಿ ಟಾಕ್‌ಬ್ಯಾಕ್ ಒತ್ತಿ ಹಿಡಿದಾಗ ಮಾತ್ರ ಕೆಲಸ ಮಾಡುತ್ತದೆ.

ಹೆಡ್‌ಫೋನಿನ ಎಡಕಿವಿಗೆ ಕಾರ್ಯಕ್ರಮದ ಧ್ವನಿ, ಬಲಕಿವಿಗೆ ನಿರ್ದೇಶಕರ ಸೂಚನೆ. ಓಟ ಮುಗಿಯುವ ಮಂಜೊಟ್ಟಿಯ ಕಡೆಯಿಂದ ಬರುವ ಫಲಿತಾಂಶವನ್ನೂ ಬಲಕಿವಿಯಲ್ಲೇ ಕೇಳಿಸುತ್ತೇವೆ. ಗದ್ದಲದಲ್ಲಿ ಬೇಸತ್ತು ನಾಬನ್ನು ಪೂರ್ತಿ ಇಳಿಸಿಬಿಡುವುದು ಸಹಜವಾದ್ದರಿಂದ, ನಾಬ್ ಕೊನೆಗೆ ಬಂದರೂ ಧ್ವನಿ ಸಂಪೂರ್ಣ ನಿಲ್ಲದೆ ಕ್ಷೀಣವಾಗಿ ಉಳಿಯುವಂತೆ ಮಾಡುವ ಆಯ್ಕೆಯನ್ನು ತಪ್ಪದೆ ಬಳಸುತ್ತೇನೆ. ಅವರದೇ ದನಿಯನ್ನು ಅವರಿಗೆ ಮರಳಿಸುವ ಸೈಡ್‌ಟೋನ್ ಕನ್ಸೋಲಿನೊಳಗಿಂದಲೇ ಬರಬೇಕು. ಅಂತರ್ಜಾಲದ ಪ್ರಸಾರವನ್ನು ಕಿವಿಗೆ ಕೊಟ್ಟರೆ ಹಲವು ಸೆಕೆಂಡು ತಡವಾಗಿ ಬರುವ ಸ್ವಂತ ದನಿಯನ್ನು ಕೇಳುತ್ತಾ ಯಾರಿಂದಲೂ ಮಾತನಾಡಲಾಗದು.

ಮೈಕಿನ ಗೇನ್, ಅಂದರೆ ದನಿಯನ್ನು ಎಷ್ಟು ಹಿಗ್ಗಿಸಬೇಕೆಂಬುದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಡೈನಾಮಿಕ್ ಹೆಡ್‌ಸೆಟ್ ಮೈಕನ್ನು ತುಟಿಯಂಚಿಗೆ ತಂದು, ಕೇಬಲಿನ ಮೂಲಕ ಮೈಕಿಗೆ ವಿದ್ಯುತ್ ಕೊಡುವ ಫ್ಯಾಂಟಮ್ ಪವರನ್ನು ಆಫ್ ಮಾಡಿ, ಮೈದಾನದ ಧ್ವನಿವರ್ಧಕಗಳು ಮೊಳಗುತ್ತಿರುವಾಗಲೇ ಗೇನ್ ನಿಗದಿಪಡಿಸಬೇಕು.

ಕನ್ಸೋಲಿಗೆ ವಿದ್ಯುತ್ತೂ ನೆಟ್‌ವರ್ಕ್ ಕೇಬಲಿನಲ್ಲೇ ಬರುವುದರಿಂದ ಎರಡು ಸಂಗತಿಗಳನ್ನು ನೋಡಿಕೊಳ್ಳುತ್ತೇನೆ. ತಾಮ್ರದ ಕೇಬಲಿನ ಮಿತಿ 100 ಮೀಟರ್. ಕೋಣಗಳು ಓಡುವ ಕರೆಯ ಉದ್ದಕ್ಕೂ ಎಳೆದರೆ ಅದು ಸಾಲದು, ನಡುವೆ ಒಂದು ನೆಟ್‌ವರ್ಕ್ ಸ್ವಿಚ್ ಇಡಬೇಕು. ಇನ್ನೊಂದು, ಜನರೇಟರ್ ಬದಲಿಸುವ ಕ್ಷಣದಲ್ಲಿ ವಿದ್ಯುತ್ ಹೋಗಿ ಬಂದರೆ ಕನ್ಸೋಲ್ ಹೊಸದಾಗಿ ಏಳುತ್ತದೆ, ಆನ್ ಇದ್ದ ಮೈಕ್ ಆಫ್ ಆಗಿರುತ್ತದೆ. ಆದಕಾರಣ ಎಲ್ಲ ಸ್ವಿಚ್‌ಗಳನ್ನೂ ಯುಪಿಎಸ್‌ಗೆ ಜೋಡಿಸಿ, ಪ್ರಸಾರಕ್ಕೆ ಮೊದಲು ವಿವರಣೆಕಾರರನ್ನು ಕೂರಿಸಿಯೇ ಕೇಬಲ್ ಕಿತ್ತು ಮರಳಿ ಸಿಕ್ಕಿಸುತ್ತೇನೆ. ದೀಪ ಆರಿರುವುದನ್ನು ಅವರೇ ಗಮನಿಸಿ, ಬಟನ್ ಒತ್ತಿ, ಮಾತು ಮುಂದುವರಿಸಿದ ಮೇಲಷ್ಟೇ ಅಟ್ಟಣಿಗೆಯಿಂದ ಇಳಿಯುತ್ತೇನೆ.