ರೋಬೋ ಬೆರಳಿಗೆ ಜಾರುವುದು ಗೊತ್ತಾಗುವಂತೆ ಮಾಡಿದ್ದು

ನಮ್ಮ ರೋಬೋ ಕೈ ಸ್ಟೀಲ್ ಲೋಟ ಹಿಡಿಯುತ್ತಿತ್ತು, ಆದರೆ ಲೋಟ ಜಾರುವುದು ಅದಕ್ಕೆ ತಿಳಿಯುತ್ತಿರಲಿಲ್ಲ. ಒತ್ತಡದ ಸೆನ್ಸರ್ ಸರಿಯಾಗೇ ಇತ್ತು. ತೊಂದರೆ ಇದ್ದದ್ದು ಮೇಲಿನ ಸಿಲಿಕೋನ್ ಚರ್ಮದಲ್ಲಿ, ಅದು ಪೂರ್ತಿ ನುಣುಪು. ನಮ್ಮ ಬೆರಳ ತುದಿಯಲ್ಲಿ ಸುಮಾರು 0.5 ಮಿ.ಮೀ. ಅಂತರದಲ್ಲಿ ಗೆರೆಗಳಿವೆ ಅಲ್ವಾ, ಅವು ಸುಮ್ನೆ ಇಲ್ಲ. ಸೆಕೆಂಡಿಗೆ 10 ಸೆಂ.ಮೀ. ವೇಗದಲ್ಲಿ ಸವರಿದರೆ ಸುಮಾರು 200 ಹರ್ಟ್ಸ್, ಅಂದರೆ ಸೆಕೆಂಡಿಗೆ 200 ಸಲದ ಕಂಪನ ಹುಟ್ಟುತ್ತದೆ, ಚರ್ಮದ ಆಳದಲ್ಲಿದ್ದು ಕಂಪನ ಗುರುತಿಸುವ ಪ್ಯಾಸಿನಿಯನ್ ಗ್ರಾಹಕಗಳು ಜಾಸ್ತಿ ಸ್ಪಂದಿಸುವುದೂ ಅದರ ಆಸುಪಾಸಿನಲ್ಲೇ. ಎಷ್ಟು ಚೆಂದದ ಹೊಂದಿಕೆ!

ಅದೇ ಅಂತರದ ಗೆರೆಗಳಿರುವ ಅಚ್ಚಿನಲ್ಲಿ ಸಿಲಿಕೋನ್ ಎರೆದು ಒಳಗೆ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪೀಜೋ ಫಿಲ್ಮ್ ಇಟ್ಟೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ತಂದ ಮೈಕ್ರೋಕಂಟ್ರೋಲರ್ (ಪುಟ್ಟ ಕಂಪ್ಯೂಟರ್ ಚಿಪ್) ಅದನ್ನು ಸೆಕೆಂಡಿಗೆ 1000 ಸಲ ಓದುತ್ತದೆ. ಒಂದು ಕಂಪನ ಹಿಡಿಯಲು ಅದರ ಎರಡು ಪಟ್ಟಿಗಿಂತ ಜಾಸ್ತಿ ಸಲ ಓದಬೇಕು, ಹಾಗಾಗಿ 200 ಹರ್ಟ್ಸ್‌ಗೆ ಸೆಕೆಂಡಿಗೆ 400ಕ್ಕಿಂತ ಜಾಸ್ತಿ ಬೇಕೇ ಬೇಕು. ಈಗ ಲೋಟ ಜಾರಲು ಶುರುವಾದ ಕೂಡಲೇ ಹಿಡಿತ ಬಿಗಿಯಾಗುತ್ತದೆ. ಎಣ್ಣೆ ಹತ್ತಿದ ಪಾತ್ರೆಗೆ ಮಾತ್ರ ಇನ್ನೂ ಸಾಲದು.