ಜೇಬಿಗೊಂದು ಚಾಕು: ನಾನು ಆರಿಸಿಕೊಂಡ ಬಗೆ

ಜೇಬಿನಲ್ಲಿ ಚಾಕು ಇಟ್ಟುಕೊಂಡು ಓಡಾಡುತ್ತೇನೆ ಅಂದರೆ ನಮ್ಮಲ್ಲಿ ಜನ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ತಪ್ಪು ಅವರದಲ್ಲ. ಮಡಚುವ ಚಾಕು ಅಂದ ಕೂಡಲೇ ನೆನಪಾಗುವುದು ಹಳೇ ಸಿನಿಮಾದ ಖಳ ಟಕ್ಕೆಂದು ಬಿಚ್ಚುತ್ತಿದ್ದ ಬಟನ್ ಚಾಕು, ಅಂದರೆ ರಾಂಪುರಿ. ಉತ್ತರ ಪ್ರದೇಶದ ರಾಂಪುರದವರಿಗೆ ಅದರ ಬಗ್ಗೆ ಸಂಕೋಚವೇನೂ ಇಲ್ಲ, 2023ರಲ್ಲಿ ಊರ ಚೌಕದಲ್ಲಿ ಸುಮಾರು 20 ಅಡಿಯ ಚಾಕುವನ್ನೇ ನಿಲ್ಲಿಸಿದ್ದಾರೆ. ನನಗೆ ಬೇಕಿದ್ದದ್ದು ಅದಕ್ಕೆ ತದ್ವಿರುದ್ಧವಾದದ್ದು. ನಾಲ್ಕು ಜನರ ನಡುವೆ ಹೊರತೆಗೆದರೆ ಯಾರ ಮಾತೂ ಅರ್ಧಕ್ಕೆ ನಿಲ್ಲಬಾರದು. ಚಾಕುವಿನ ಅಂದ ಅಂದರೆ ನನ್ನ ಲೆಕ್ಕದಲ್ಲಿ ಇಷ್ಟೇ. ಹಿಡಿಗೆ ಜಿಂಕೆ ಕೊಂಬೋ, ಅಲಗಿನ ಮೇಲೆ ನೀರಿನ ಅಲೆಯಂಥ ಡಮಾಸ್ಕಸ್ ಗೆರೆಗಳೋ, ಅವೆಲ್ಲ ಆಮೇಲಿನ ಮಾತು.

ನನ್ನ ಕೆಲಸ ಬೆಂಗಳೂರಿನಲ್ಲಿ, ಪುಸ್ತಕದ ಅಂಗಡಿಯೊಂದರ ಗೋದಾಮಿನಲ್ಲಿ. ಬೆಳಿಗ್ಗೆ ಬಂದರೆ ಮೊದಲ ಕೆಲಸ ಬಂಡಲ್ ಬಿಚ್ಚುವುದು: ಪ್ಲಾಸ್ಟಿಕ್ ಪಟ್ಟಿ, ಅಗಲದ ಟೇಪು, ಸಣ್ಣ ಪ್ರಕಾಶಕರದಾದರೆ ಸೆಣಬಿನ ಹುರಿ. ಮಧ್ಯಾಹ್ನ ಊಟದ ಹೊತ್ತಿಗೆ ಸೌತೆಕಾಯಿಯೋ ಸೀಬೆಕಾಯಿಯೋ. ರಜೆ ಸಿಕ್ಕಾಗ ತೀರ್ಥಹಳ್ಳಿ ಕಡೆಯ ಊರಿಗೆ ಹೋದರೆ ತೋಟದಲ್ಲಿ ಬಳ್ಳಿ ಕಟ್ಟಿದ ದಾರ, ಗೊಬ್ಬರದ ಚೀಲದ ಬಾಯಿ, ಬಾಳೆಎಲೆ. ಬರೀ ಬಂಡಲ್ಲಿಗಾದರೆ ಸ್ಟೇಷನರಿ ಅಂಗಡಿಯ ಕಟ್ಟರ್ ಸಾಕು. ಮೊಂಡಾದ ತುಂಡನ್ನು ಮುರಿದು ಬಿಸಾಕಿದರೆ ಹೊಸ ಬಾಯಿ ಸಿದ್ಧ. ಅದನ್ನು ಕೆಟ್ಟದ್ದು ಅನ್ನಲಾರೆ, ಗೋದಾಮಿನಲ್ಲಿ ಈಗಲೂ ಇದೆ. ಆದರೆ ಟೇಪಿನ ಅಂಟು ಮೆತ್ತಿದ ಕಟ್ಟರಿನಲ್ಲಿ ಸೀಬೆಕಾಯಿ ಹೆಚ್ಚಿ ಪಕ್ಕದವರಿಗೆ ಕೊಡಲಾಗುವುದಿಲ್ಲವಲ್ಲ.

ಮೊದಲು ತೀರ್ಮಾನವಾದದ್ದು ಅಲಗಿನ ಉದ್ದ. ಇಲ್ಲಿ ಪುಸ್ತಕಗಳೇ ಪಾಠ ಹೇಳಿಕೊಟ್ಟವು. ರಟ್ಟಿನ ಪೆಟ್ಟಿಗೆಯೊಳಗೆ ಪುಸ್ತಕ ಮೇಲ್ಮಟ್ಟದವರೆಗೂ ಒತ್ತಾಗಿ ತುಂಬಿರುತ್ತದೆ. ಉದ್ದ ಅಲಗಿನ ಮೊನೆ ಎಲ್ಲಿಗೆ ಹೋಯಿತು ಅನ್ನುವುದು ಕೈಗೆ ತಿಳಿಯುವುದಿಲ್ಲ; ಟೇಪು ಸೀಳಿ, ರಟ್ಟು ದಾಟಿ, ಮೇಲಿನ ಪ್ರತಿಯ ಮುಖಪುಟದ ಮೇಲೆ ನೇರ ಗೆರೆ ಎಳೆದಿರುತ್ತದೆ. ಎರಡೂವರೆ ಇಂಚಿನ ಅಲಗಾದರೆ ತೋರುಬೆರಳನ್ನು ಬೆನ್ನಿನ ಮೇಲಿಟ್ಟು, ಮೊನೆ ಒಳಗೆ ಎಷ್ಟು ಇಳಿಯಬೇಕೆಂದು ಬೆರಳಿನಿಂದಲೇ ಅಳೆಯಬಹುದು. ಹಣ್ಣು ಹೆಚ್ಚಲು ಮೂರು ಇಂಚು ಇದ್ದರೆ ಅನುಕೂಲ ಅನ್ನುವುದೂ ನಿಜ. ಕಲ್ಲಂಗಡಿಯನ್ನು ಯಾರೂ ಜೇಬಿನ ಚಾಕುವಿನಿಂದ ಹೆಚ್ಚುವುದಿಲ್ಲವಾದ್ದರಿಂದ ನಾನು ಎರಡೂವರೆಗೇ ನಿಂತೆ.

ಉದ್ದಕ್ಕಿಂತ ಮುಖ್ಯವಾದದ್ದು, ಯಾರೂ ಅಷ್ಟಾಗಿ ಗಮನಿಸದೇ ಇರುವುದು, ದಪ್ಪ. ಈಗ ಆನ್‌ಲೈನಿನಲ್ಲಿ ಸಿಗುವ ಕಪ್ಪು ಬಣ್ಣದ, ‘ಟ್ಯಾಕ್ಟಿಕಲ್’ ಅಂತ ಕರೆಸಿಕೊಳ್ಳುವ ಚಾಕುಗಳ ಬೆನ್ನು ಮೂರು ಮಿಲಿಮೀಟರು, ಕೆಲವು ಅದಕ್ಕೂ ಮೇಲು. ಬಾಯಿ ಎಷ್ಟೇ ಹರಿತವಿರಲಿ, ಸೇಬಿನೊಳಗೆ ಅರ್ಧ ಇಳಿಯುವಷ್ಟರಲ್ಲಿ ಅದು ಕತ್ತರಿಸುವುದು ಬಿಟ್ಟು ಬೆಣೆಯ ಹಾಗೆ ಸೀಳತೊಡಗುತ್ತದೆ. ಹೋಳು ಚಟ್ಟೆಂದು ಸಿಡಿದು ಬೀಳುತ್ತದೆ. ಬೆನ್ನು ಎರಡು ಮಿಲಿಮೀಟರಿನ ಒಳಗಿದ್ದು, ಅಲ್ಲಿಂದ ಬಾಯಿಯವರೆಗೂ ಒಂದೇ ಸಮ ಇಳಿಜಾರಾಗಿ ತೆಳ್ಳಗಾದ ಅಲಗಿಗೆ ಈ ತೊಂದರೆ ಇಲ್ಲ.

ಇದಕ್ಕೆ ನನ್ನ ಪರೀಕ್ಷೆ ಬಾಳೆಎಲೆ. ಎಲೆಯ ನರ ಓಡುವ ದಿಕ್ಕಿನಲ್ಲಿ ಕೊಯ್ಯುವುದೇನೂ ದೊಡ್ಡದಲ್ಲ, ಉಗುರು ತಾಗಿದರೂ ಹರಿಯುತ್ತದೆ. ನರಗಳಿಗೆ ಅಡ್ಡವಾಗಿ, ನಡುದಂಟಿಗೆ ಸಮನಾಗಿ ಒಂದು ಗೇಣು ಎಳೆದು ನೋಡಿ. ಬಾಯಿ ಮೊಂಡಾಗಿದ್ದರೆ ಪ್ರತಿ ನರದ ಹತ್ತಿರ ತಡೆದು, ಎಲೆ ಪಕ್ಕಕ್ಕೆ ಹರಿದುಕೊಳ್ಳುತ್ತದೆ. ಆಮೇಲೆ ಎಲೆ ಮಗುಚಿ, ಹಿಂಬದಿಯ ದಂಟಿನ ಉಬ್ಬನ್ನು ಸವರಿ ತೆಗೆಯಬೇಕು, ಎಲೆ ನೆಲಕ್ಕೆ ಚಪ್ಪಟೆಯಾಗಿ ಕೂರಲಿ ಅಂತ. ದಪ್ಪ ಅಲಗು ಒಳಕ್ಕೆ ಕಚ್ಚಿಕೊಂಡು ಎಲೆಯನ್ನೇ ತೂತು ಮಾಡುತ್ತದೆ. ತೆಳ್ಳನೆಯದು ದಂಟಿನುದ್ದಕ್ಕೂ ಜಾರಿಕೊಂಡು ಹೋಗಿ ಉದ್ದನೆಯ ಸುರುಳಿ ಸಿಪ್ಪೆ ಬಿಡುತ್ತದೆ. ಉಕ್ಕಿನ ಹೆಸರು ಎಷ್ಟು ದೊಡ್ಡದಿದ್ದರೂ ಈ ಕೆಲಸಕ್ಕೆ ತೆಳುವಿಲ್ಲದೆ ಆಗದು.

ಉಕ್ಕಿನ ವಿಷಯ ಬಂತು. ಚಾಕು ಹುಚ್ಚಿನವರು ಒಂದೆಡೆ ಕೂತರೆ ಎಸ್30ವಿ, ಡಿ2, 14ಸಿ28ಎನ್ ಅಂತ ಉಕ್ಕಿನ ಬಗೆಗಳನ್ನು ರಾಗದ ಹೆಸರು ಹೇಳಿದ ಹಾಗೆ ಹೇಳುತ್ತಾರೆ. ಗಟ್ಟಿ ಉಕ್ಕು ಹರಿತವನ್ನು ಹೆಚ್ಚು ದಿನ ಹಿಡಿದಿಡುತ್ತದೆ, ಸರಿ. ಹೋದ ಮೇಲೆ ವಾಪಸ್ ತರಲು ಡೈಮಂಡ್ ಕಲ್ಲು ಬೇಕು, ತಾಳ್ಮೆಯೂ ಬೇಕು. ಸ್ವಿಸ್ ಆರ್ಮಿ ಚಾಕು ಮಾಡುವ ವಿಕ್ಟೊರಿನಾಕ್ಸ್‌ನಂಥವರು ಬಳಸುವುದು ಮೆದು ಸ್ಟೇನ್‌ಲೆಸ್, ರಾಕ್‌ವೆಲ್ ಅಳತೆಯಲ್ಲಿ ಗಡಸುತನ 56ರ ಆಸುಪಾಸು (ಅಂಕಿ ಹೆಚ್ಚಾದಷ್ಟೂ ಉಕ್ಕು ಗಟ್ಟಿ). ರಟ್ಟು ಕತ್ತರಿಸಿದರೆ ವಾರದಲ್ಲಿ ಸಪ್ಪೆಯಾಗುತ್ತದೆ. ಕಲ್ಲಿನ ಮೇಲೆ ಐದು ನಿಮಿಷದಲ್ಲಿ ಮತ್ತೆ ಬಾಯಿ ಬರುತ್ತದೆ. ಮಸೆಯಲು ಬೇಸರವಿಲ್ಲದವರಿಗೆ ಇದೇ ಒಳ್ಳೆಯದು.

ಕಾರ್ಬನ್ ಉಕ್ಕಿನ ರುಚಿ ತೋರಿಸಿದ್ದು ಒಪಿನೆಲ್. ಫ್ರಾನ್ಸಿನ ಸವೋಯ್ ಬೆಟ್ಟಗಳ ಸೀಮೆಯಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ರೂಪಿಸಿದ ರೈತರ ಚಾಕು. ಬೀಚ್ ಮರದ ದುಂಡನೆ ಹಿಡಿ, ತೆಳ್ಳನೆ ಅಲಗು, ಕತ್ತಿನಲ್ಲೊಂದು ಉಕ್ಕಿನ ಉಂಗುರ. ಉಂಗುರ ತಿರುಗಿಸಿದರೆ ಅಲಗು ಮಡಚಿಕೊಳ್ಳದಂತೆ ನಿಲ್ಲುತ್ತದೆ. ಅದು 1955ರಲ್ಲಿ ಸೇರಿಸಿದ್ದು. ಅಳತೆಗೊಂದು ನಂಬರು, 8ನೇ ನಂಬರಿನ ಅಲಗು ಎಂಟೂವರೆ ಸೆಂಟಿಮೀಟರು. ನೋಡಲು ಇಷ್ಟು ಚೆಂದದ, ಇಷ್ಟು ಅಗ್ಗದ ಚಾಕು ಇನ್ನೊಂದಿಲ್ಲ. ಆದರೆ ನಮ್ಮ ಮಲೆನಾಡಿನ ಆಷಾಢಕ್ಕೂ ಅದಕ್ಕೂ ಆಗಿಬರುವುದಿಲ್ಲ. ಮಳೆ ಹಿಡಿದರೆ ಮರ ಉಬ್ಬಿ ಅಲಗನ್ನು ಅಮುಕಿ ಹಿಡಿಯುತ್ತದೆ, ಉಗುರು ಮುರಿದರೂ ಹೊರಗೆ ಬರುವುದಿಲ್ಲ. ಆಗ ಹಿಡಿಯ ಹಿಂತುದಿಯನ್ನು ಬಾಗಿಲ ದಾರಂದಕ್ಕೆ ಮೆಲ್ಲಗೆ ಕುಟ್ಟಬೇಕು, ಮೊನೆ ತಾನಾಗಿ ಇಣುಕುತ್ತದೆ. ಸವೋಯ್ ಜನ ಮಾಡುವುದೂ ಇದನ್ನೇ. ಉಪ್ಪುಕಾಗದ ಮಡಚಿ ಸೀಳಿನೊಳಗೆ ಉಜ್ಜಿ ಒಂದಿಷ್ಟು ಸಡಿಲ ಮಾಡಿದೆ, ಅಗಸೆ ಎಣ್ಣೆ ಕುಡಿಸಿದೆ. ಉಪದ್ರ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಮಾವಿನಕಾಯಿ ಹೆಚ್ಚಿದರೆ ಹುಳಿಗೆ ಅಲಗು ನೀಲಿಗಪ್ಪಾಗುತ್ತದೆ, ಹೋಳಿನ ಅಂಚಿಗೂ ಕಬ್ಬಿಣದ ವಾಸನೆ. ಆ ಕಪ್ಪು ಕೂತ ಮೇಲೆ ತುಕ್ಕಿನ ಕಾಟ ಸ್ವಲ್ಪ ಇಳಿಯುತ್ತದೆ, ಒರೆಸಿ ಒಂದು ಹನಿ ಕೊಬ್ಬರಿ ಎಣ್ಣೆ ಸವರಿಟ್ಟರಾಯಿತು. ಅದು ಊರಿನ ಮನೆಯ ಚಾಕುವಾಗಿ ಉಳಿಯಿತು. ಹಾಂ, ಹಲಸಿನ ಹಣ್ಣಿಗೆ ಮಾತ್ರ ಯಾವ ಮಡಚುವ ಚಾಕುವನ್ನೂ ತೆಗೆಯಬೇಡಿ. ಮೇಣ ಕೀಲಿನೊಳಗೆ ಇಳಿದರೆ ಬಿಡಿಸುವವರಿಲ್ಲ.

ಫ್ರಾನ್ಸಿನದೇ ಇನ್ನೊಂದು ಮಡಚುವ ಚಾಕು, ಲಗಿಯೋಲ್ ಕೂಡ ಮನಸ್ಸಿನಲ್ಲಿತ್ತು. ಸೊಂಟದಂತೆ ಬಳುಕಿದ ಹಿಡಿ, ಸ್ಪ್ರಿಂಗಿನ ತಲೆಯ ಮೇಲೊಂದು ಜೇನುನೊಣ. ಆದರೆ ಆ ಹೆಸರು ಒಬ್ಬ ತಯಾರಕನದಲ್ಲ, ಒಂದು ಊರಿನದು; ಅಲ್ಲಿನದೇ ಇನ್ನೊಂದು ಊರಾದ ತಿಯೇರ್‌ನಲ್ಲೂ ಮಾಡುತ್ತಾರೆ, ಫ್ರಾನ್ಸಿನ ಹೊರಗೂ ಅದೇ ಹೆಸರಿನಲ್ಲಿ ಮಾಡಿ ಮಾರುತ್ತಾರೆ. ಕೈಯಲ್ಲಿ ಹಿಡಿದು ನೋಡದೆ ಕೊಳ್ಳುವ ಧೈರ್ಯ ನನಗಾಗಲಿಲ್ಲ.

ಕೊನೆಗೆ ಜೇಬು ಸೇರಿದ್ದು ವಿಕ್ಟೊರಿನಾಕ್ಸ್ ಕೆಡೆಟ್, ಅಲಾಕ್ಸ್ ಹಿಡಿಯದು. ಮಡಚಿದರೆ 84 ಮಿಲಿಮೀಟರು, ತೂಕ 46 ಗ್ರಾಂ. ಕೆಂಪು ಪ್ಲಾಸ್ಟಿಕ್ಕಿನ ಬದಲು ತೆಳು ಅಲ್ಯೂಮಿನಿಯಂ ತಗಡು, ಬೆರಳು ಜಾರದಂತೆ ಅದರ ಮೇಲೆ ಸಣ್ಣ ಸಣ್ಣ ಚೌಕದ ಒತ್ತು. ಒಂದು ಅಲಗು, ಒಂದು ಉಗುರು ಅರ, ಡಬ್ಬಿ ತೆರೆಯುವುದೊಂದು, ಬಾಟಲಿ ಮುಚ್ಚಳ ತೆಗೆಯುವುದೊಂದು. ಕೊನೆಯ ಎರಡರ ತುದಿ ಸ್ಕ್ರೂಡ್ರೈವರ್ ಕೆಲಸವನ್ನೂ ಮಾಡುತ್ತದೆ. ನೂರು ಗ್ರಾಂ ದಾಟಿದ ಚಾಕು ಅಂಗಿ ಜೇಬನ್ನು ಜೋತು ಬೀಳಿಸುತ್ತದೆ. ಇದು ಪಂಚೆ ಉಟ್ಟ ದಿನ ಅಂಗಿ ಜೇಬಿನಲ್ಲಿ ಪೆನ್ನಿನ ಪಕ್ಕ ಇರುತ್ತದೆ. ಪ್ಯಾಂಟಿನ ಅಂಚಿಗೆ ಸಿಕ್ಕಿಸುವ ಕ್ಲಿಪ್ಪಿಲ್ಲ, ನನಗೆ ಬೇಕಾಗಿಯೂ ಇಲ್ಲ. ಜೇಬಿನಲ್ಲಿ ಚಾಕು ಇದೆಯೆಂದು ಊರಿಗೆಲ್ಲ ಸಾರುವುದು ಯಾಕೆ?

ಅಲಗಿಗೆ ಲಾಕ್ ಇಲ್ಲ, ಬೆನ್ನಿನ ಸ್ಪ್ರಿಂಗಿನ ಬಿಗಿಯಷ್ಟೇ. ಒಂದೇ ಕೈಯಲ್ಲಿ ಬಿಚ್ಚಲಾಗುವುದಿಲ್ಲ. ಎಡಗೈಯಲ್ಲಿ ಹಿಡಿದು, ಬಲಗೈಯ ಉಗುರನ್ನು ಅಲಗಿನ ಗೀರಿಗೆ ಸಿಕ್ಕಿಸಿ, ನಿಧಾನ ಎಳೆಯಬೇಕು. ಇದು ಕೊರತೆ ಅನ್ನುವವರಿದ್ದಾರೆ. ನೋಡುವವರಿಗೆ ಸಮಾಧಾನ ಕೊಡುವುದೇ ಈ ನಿಧಾನ: ಕನ್ನಡಕದ ಪೆಟ್ಟಿಗೆ ತೆರೆದ ಹಾಗಿರುತ್ತದೆ. ಮದುವೆಮನೆಯಲ್ಲಿ ಹೂವಿನ ಹಾರದ ದಾರ ಕತ್ತರಿಸಲು ತೆಗೆದಾಗ ದೊಡ್ಡಮ್ಮ ಕೇಳಿದ್ದು, “ಏನೋ ಅದು, ನೇಲ್ ಕಟ್ಟರಾ? ಕೊಡು ಇಲ್ಲಿ.” ಚಾಕು ಅಂದೆ. “ಹಂಗಾದ್ರೆ ಕೈಗೆ ಕೊಡ್ಬೇಡ, ಕೆಳಗಿಡು, ಜಗಳ ಆಗುತ್ತೆ” ಅಂದರು. ಮಡಚಿ ಚಾಪೆಯ ಮೇಲಿಟ್ಟೆ, ಎತ್ತಿಕೊಂಡರು. ಲಾಕ್ ಇಲ್ಲದ ಚಾಕುವಿನಿಂದ ಮೊನೆ ಚುಚ್ಚಿ ತಿರುಚುವ ಕೆಲಸ ಮಾತ್ರ ಬೇಡ, ಅಲಗು ಬೆರಳ ಮೇಲೇ ಮುಚ್ಚಿಕೊಳ್ಳಬಹುದು.

ಕಾನೂನನ್ನೂ ನೋಡಿಕೊಂಡೆ. ನಮ್ಮ ಶಸ್ತ್ರ ನಿಯಮಗಳು ಆಯುಧದ ಪಟ್ಟಿಗೆ ಸೇರಿಸುವುದು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳನ್ನು. ಮನೆ, ಕೃಷಿ ಕೆಲಸದವು ಅದರಿಂದ ಹೊರಗೆ. ದೆಹಲಿಯಲ್ಲಿ ಬಟನ್ ಚಾಕುಗಳಿಗೆ ಬೇರೆಯೇ ಬಿಗಿ ನಿಯಮವಿದೆ, 7.62 ಸೆಂಟಿಮೀಟರಿನಿಂದಲೇ ಶುರು. ಕಾಗದದಲ್ಲಿ ಸರಿಯಿದ್ದ ಮಾತ್ರಕ್ಕೆ ಎಲ್ಲ ಕಡೆ ನಡೆಯುತ್ತದೆ ಅಂತಲ್ಲ. ಮೆಟ್ರೊ ಹತ್ತುವ ದಿನ, ಕೋರ್ಟು ಕಚೇರಿಗೆ ಹೋಗುವ ದಿನ ಚಾಕು ಮೇಜಿನ ಡ್ರಾಯರಿನಲ್ಲೇ. ವಿಮಾನದಲ್ಲಿ ಲಗೇಜಿಗೆ ಹಾಕುವ ಚೀಲಕ್ಕೆ ಸೇರಿಸಬೇಕು, ಕೈಚೀಲಕ್ಕಲ್ಲ. ಇಂಗ್ಲೆಂಡಿನಲ್ಲಿರುವ ಭಾವನಿಗೆ ಒಪಿನೆಲ್ ಉಡುಗೊರೆ ಕೊಡೋಣವೆಂದಿದ್ದೆ. ಅಲ್ಲಿನ 1988ರ ಕಾಯ್ದೆಯ ಪ್ರಕಾರ ಸುಮ್ಮನೆ ಜೇಬಿನಲ್ಲಿಟ್ಟು ತಿರುಗಬಹುದಾದದ್ದು ಮೂರು ಇಂಚಿನೊಳಗಿನ ಬಾಯಿಯ, ಲಾಕ್ ಇಲ್ಲದ ಮಡಚುವ ಚಾಕು ಮಾತ್ರ. ಉಂಗುರ ಲಾಕ್ ಆದ್ದರಿಂದ ತೋಟದ ಆ ಪಾಪದ ಚಾಕುವಿಗೂ ಅಲ್ಲಿ ಸಕಾರಣ ಹೇಳಬೇಕು. ಅವರಿಗೂ ಕೆಡೆಟ್ಟೇ ಹೋಯಿತು.

ಮಸೆಯುವುದಕ್ಕೆ 1000 ಗ್ರಿಟ್ಟಿನ ನೀರುಕಲ್ಲು ಒಂದು, ಹಳೇ ಚರ್ಮದ ಬೆಲ್ಟು ಒಂದು. ಕಲ್ಲಿಗೆ ಸುಮಾರು ಇಪ್ಪತ್ತು ಡಿಗ್ರಿ ಓರೆಯಲ್ಲಿ ಅಲಗಿಟ್ಟು ಒಂದೇ ಮಗ್ಗುಲನ್ನು ಉಜ್ಜುತ್ತ ಹೋದರೆ, ಇನ್ನೊಂದು ಮಗ್ಗುಲಿನ ಅಂಚಿನಲ್ಲಿ ಕೂದಲೆಳೆಯಂಥ ಲೋಹದ ಸಿಬಿರು ಏಳುತ್ತದೆ, ಬೆರಳಿಗೆ ತರಿತರಿ ಅನ್ನಿಸುತ್ತದೆ. ಅದು ಬುಡದಿಂದ ಮೊನೆಯವರೆಗೂ ಎದ್ದ ಮೇಲೆಯೇ ಮಗ್ಗುಲು ಬದಲಿಸುವುದು. ಬಹಳ ಜನ ಅದಕ್ಕೆ ಮೊದಲೇ ನಿಲ್ಲಿಸಿ ಕಲ್ಲು ಸರಿಯಿಲ್ಲ ಅನ್ನುತ್ತಾರೆ. ಕಡೆಗೆ ಬೆಲ್ಟಿನ ಒರಟು ಬದಿಯ ಮೇಲೆ, ಬಾಯಿ ಹಿಂದಾಗಿ, ಹಗುರವಾಗಿ ಎಳೆದರೆ ಸಿಬಿರು ಉದುರುತ್ತದೆ. ಬೀದಿಯಲ್ಲಿ ಸೈಕಲ್ ತುಳಿದು ಸಾಣೆ ಹಿಡಿಯುವವರಿಗೆ ಅಡುಗೆಮನೆಯ ಕತ್ತಿ, ಈಳಿಗೆ ಕೊಡಿ, ಇದನ್ನು ಬೇಡ. ಒಣಚಕ್ರದ ಕಿಡಿಗೆ ತೆಳು ಅಂಚು ಕಾದು ಹದ ಹೋಗುತ್ತದೆ, ಅಲಗೂ ಒಂದೇ ಸಲಕ್ಕೆ ಅರ್ಧ ಸವೆಯುತ್ತದೆ.

ಟೇಪಿನ ಅಂಟಿಗೆ ನೀಲಗಿರಿ ಎಣ್ಣೆ ಹಚ್ಚಿದ ಬಟ್ಟೆ ಸಾಕು. ಜೇಬಿನ ಧೂಳು, ನೂಲಿನ ಎಳೆ ಕೀಲಿಗೆ ಸೇರಿ ಅಲಗು ಭಾರವಾದಾಗ ಬಿಸಿನೀರಿನಲ್ಲಿ ತೆರೆದು ಮುಚ್ಚಿ, ಚೆನ್ನಾಗಿ ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ. ಕೊಬ್ಬರಿ ಎಣ್ಣೆ ಕೀಲಿಗೆ ಬೇಡ, ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ.

ಅಂಗಡಿಯಲ್ಲಿ ಕೊಳ್ಳುವುದಾದರೆ ತೆರೆದು ನೋಡಲು ಬಿಡಿ ಅನ್ನಿ. ಬಿಚ್ಚಿದ ಅಲಗನ್ನು ಹಗುರವಾಗಿ ಅತ್ತಿತ್ತ ಆಡಿಸಿದರೆ ಅಲುಗಾಡಬಾರದು. ಮುಚ್ಚಿದಾಗ ಅಲಗು ನಡುವಿನಲ್ಲಿ ಕೂರಬೇಕು, ಪಕ್ಕದ ತಗಡಿಗೆ ಉಜ್ಜಬಾರದು. ಬೆಳಕಿಗೆ ಹಿಡಿದು ಬೆನ್ನಿನ ಕಡೆಯಿಂದ ನೋಡಿ, ಸ್ಪ್ರಿಂಗಿಗೂ ತಗಡಿಗೂ ನಡುವೆ ಬೆಳಕು ತೂರಿದರೆ ಇನ್ನೊಂದು ತೋರಿಸಲು ಹೇಳಿ. ಅಲಗಿನ ಬುಡದಲ್ಲಿ ತಯಾರಕರ ಮುದ್ರೆ ಸ್ಪಷ್ಟವಾಗಿ ಕೊರೆದಿರಬೇಕು. ಮೇಲೆ ಬಣ್ಣದಲ್ಲಿ ಅಚ್ಚೊತ್ತಿದ್ದರೆ, ಬೆಲೆ ಎಷ್ಟೇ ಇಳಿಸಿದರೂ, ವಾಪಸ್ ಕೊಟ್ಟು ಬನ್ನಿ.