ಮಳೆಗಾಲದಲ್ಲೂ ಗರಿಗರಿ ಉಳಿಯುವ ಚೀಸ್ ಬಿಸ್ಕತ್ತು

ನಮ್ಮ ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ದಾರಿಯಲ್ಲಿ, ಅಡಿಕೆ ತೋಟದ ಅಂಚಿಗೆ. ಮಕ್ಕಳಿಬ್ಬರು ಶಾಲೆಯ ಬಸ್ಸಿಳಿದು ಮನೆ ಸೇರುವಾಗ ಸಂಜೆ ನಾಲ್ಕೂವರೆ. ಜೂನ್ ಹಿಡಿದು ಸೆಪ್ಟೆಂಬರ್‌ವರೆಗೆ ಆ ಹೊತ್ತಿನಲ್ಲಿ ಕೊಡೆಯಿಂದ ನೀರು ಸೋರುತ್ತಿರುತ್ತದೆ, ಹೊಟ್ಟೆ ಹಸಿದಿರುತ್ತದೆ, ಬಾಯಿ ಗರಿಗರಿಯಾದದ್ದನ್ನೇ ಬೇಡುತ್ತದೆ. ಹಲಸಿನ ಹಪ್ಪಳ, ಚಕ್ಕುಲಿ, ಕೋಡುಬಳೆ ಮನೆಯಲ್ಲಿ ಇದ್ದೇ ಇರುತ್ತವೆ. ಆದರೆ ದಿನವೂ ಕರಿದದ್ದನ್ನೇ ಕೊಡಲು ನನಗೆ ಮನಸ್ಸು ಬರುವುದಿಲ್ಲ.

ಮಗಳಿಗೆ ಅಂಗಡಿಯ ಚೀಸ್ ಬಿಸ್ಕತ್ತಿನ ರುಚಿ ಹತ್ತಿದ್ದು ಎರಡು ವರ್ಷದ ಹಿಂದೆ. ಒಂದು ದಿನ ಆ ಪೊಟ್ಟಣದ ಹಿಂಬದಿಯನ್ನು ಓದಿದೆ. ಮೊದಲ ಹೆಸರು ಮೈದಾ, ಆಮೇಲೆ ತಾಳೆ ಎಣ್ಣೆ. ಚೀಸ್ ಎಲ್ಲೋ ಕೊನೆಯಲ್ಲಿ, ಅದೂ ಪುಡಿಯ ರೂಪದಲ್ಲಿ. ಯಾವುದು ಹೆಚ್ಚು ತೂಕದಲ್ಲಿದೆಯೋ ಅದನ್ನೇ ಮೊದಲು ಬರೆಯಬೇಕೆಂಬ ನಿಯಮವಿದೆ, ಹಾಗಾಗಿ ಮೊದಲ ಮೂರು ಹೆಸರು ಓದಿದರೆ ಸಾಕು. ಆ ದಿನವೇ ಮನೆಯಲ್ಲಿ ಮಾಡಿ ನೋಡಬೇಕೆಂದು ತೀರ್ಮಾನಿಸಿದೆ.

ಕೊಟ್ಟಿಗೆಯಲ್ಲಿ ಮಲೆನಾಡು ಗಿಡ್ಡ ಹಸುವಿದೆ, ಹಾಲಿಗೆ ಕೊರತೆಯಿಲ್ಲ. ಚೀಸ್ ಏಕೆ ಕೊಳ್ಳಬೇಕು, ಹಾಲು ಒಡೆಸಿ ಪನೀರ್ ಮಾಡಿಯೇ ಹಾಕೋಣ ಎಂದು ಮೊದಲು ಹೊರಟೆ. ಅದು ಕೈಗೂಡಲಿಲ್ಲ. ಹುಳಿ ಹಿಂಡಿ ಒಡೆಸಿದ ಪನೀರ್ ಕಾವಿಗೆ ಕರಗುವುದಿಲ್ಲ, ಒಡಲಲ್ಲಿ ನೀರನ್ನು ಹಿಡಿದುಕೊಂಡೇ ಇರುತ್ತದೆ. ಬಿಸ್ಕತ್ತು ಅಂಚಿನಲ್ಲಿ ಕಂದಿ ನಡುವೆ ಹಸಿಹಸಿಯಾಗಿ ಉಳಿಯಿತು. ಚೀಸಿನ ರುಚಿ ಬರುವುದು ಅದು ತಿಂಗಳುಗಟ್ಟಲೆ ಮಾಗುವುದರಿಂದ, ಅದನ್ನು ಒಂದು ಮಧ್ಯಾಹ್ನದಲ್ಲಿ ತರಲಾಗದು. (ನಿಘಂಟುಗಳಲ್ಲಿ ಚೀಸ್ ಎಂದರೆ ಗಿಣ್ಣು ಎಂದಿರುತ್ತದೆ. ನಮ್ಮ ಕಡೆ ಗಿಣ್ಣು ಎಂದರೆ ಹಸು ಕರು ಹಾಕಿದಾಗಿನ ಮೊದಲ ಹಾಲಿನದು. ಅದಕ್ಕೆ ನಾನು ಚೀಸ್ ಎಂದೇ ಬರೆಯುತ್ತೇನೆ.)

ಚೀಸ್ ತರುವ ಮಾತು ಬಂದಾಗ ಅತ್ತೆ ಕೇಳಿದ್ದು ಒಂದೇ ಪ್ರಶ್ನೆ: "ಅದರಲ್ಲಿ ಕರುವಿನ ಹೊಟ್ಟೆಯದೇನೋ ಹಾಕುತ್ತಾರಂತಲ್ಲ?" ಕೇಳಿದ್ದು ಸರಿಯೇ. ಹಾಲನ್ನು ಹೆಪ್ಪುಗಟ್ಟಿಸುವ ರೆನೆಟ್ ಹಿಂದಿನಿಂದಲೂ ಕರುವಿನ ಜಠರದಿಂದ ಬರುತ್ತಿದ್ದ ವಸ್ತು. ಈಗ ಸೂಕ್ಷ್ಮಜೀವಿಗಳಿಂದ ತಯಾರಿಸಿದ ರೆನೆಟ್ ಸಿಗುತ್ತದೆ, ಅದನ್ನು ಬಳಸಿದ ಚೀಸಿನ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇರುತ್ತದೆ. ಚುಕ್ಕೆಯನ್ನು ಅವರಿಗೆ ತೋರಿಸಿದ ಮೇಲೆಯೇ ಪೊಟ್ಟಣ ಒಳಗೆ ಬಂತು.

ಈಗ ನನ್ನ ಕೈಗೆ ಕೂತಿರುವ ಅಳತೆ ಇದು. ಗೋಧಿಹಿಟ್ಟು 100 ಗ್ರಾಂ, ರಾಗಿಹಿಟ್ಟು 30 ಗ್ರಾಂ, ಅಕ್ಕಿಹಿಟ್ಟು 20 ಗ್ರಾಂ, ತುರಿದ ಚೀಸ್ 100 ಗ್ರಾಂ, ಉಪ್ಪಿಲ್ಲದ ತಣ್ಣನೆಯ ಬೆಣ್ಣೆ 50 ಗ್ರಾಂ, ಅಂಗೈಯಲ್ಲಿ ತಿಕ್ಕಿದ ಓಮ ಅರ್ಧ ಚಮಚ, ನಮ್ಮ ತೋಟದ್ದೇ ಕಾಳುಮೆಣಸಿನ ಪುಡಿ ಕಾಲು ಚಮಚ. ಉಪ್ಪು ಒಂದು ಹರಳೂ ಬೇಡ. ನಾನು ತರುವ ಚೀಸಿನಲ್ಲಿ 100 ಗ್ರಾಂಗೆ ಒಂದು ಗ್ರಾಂಗಿಂತ ಹೆಚ್ಚು ಸೋಡಿಯಂ ಇದೆ, ಅಂದರೆ ಎರಡೂವರೆ ಗ್ರಾಂ ಉಪ್ಪಿಗೂ ಮೇಲೆ. ದೊಡ್ಡವರೇ ದಿನಕ್ಕೆ 5 ಗ್ರಾಂ ಉಪ್ಪಿನೊಳಗೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಮಕ್ಕಳಿಗೆ ಅದಕ್ಕಿಂತ ಕಡಿಮೆ. ಈ ಹಿಟ್ಟಿನಲ್ಲಿ ಒಂದಂಗುಲದ ತುಂಡುಗಳು ನೂರೆಂಬತ್ತರಷ್ಟು ಆಗುತ್ತವೆ. ಒಂದು ಮಗುವಿಗೆ ಹನ್ನೆರಡು ತುಂಡು ಕೊಟ್ಟರೆ ಹೊಟ್ಟೆಗೆ ಹೋಗುವ ಉಪ್ಪು ಹೆಚ್ಚೆಂದರೆ ಕಾಲು ಗ್ರಾಂ. ಈ ಲೆಕ್ಕ ಹಾಕಿದ ಮೇಲೆ ನನಗೆ ನೆಮ್ಮದಿಯಾಯಿತು. ವರ್ಷ ತುಂಬದ ಕೂಸಿಗೆ ಮಾತ್ರ ಇದು ಸಲ್ಲದು.

ರಾಗಿ ಹಾಕುವುದು ಸುಣ್ಣದಂಶಕ್ಕೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಆಸೆಪಟ್ಟು ಒಮ್ಮೆ ಅರ್ಧಕ್ಕರ್ಧ ರಾಗಿ ಹಾಕಿದ್ದೆ; ರಾಗಿಗೆ ಗೋಧಿಯ ಜಿಗುಟಿಲ್ಲ, ಲಟ್ಟಿಸುವಾಗಲೇ ಅಂಚು ಬಿರಿಯಿತು, ತಿನ್ನುವಾಗ ಬಾಯಲ್ಲಿ ಮರಳಿನಂತೆ ಉದುರಿತು. ಐದರಲ್ಲಿ ಒಂದು ಪಾಲು ಸರಿಯಾದ ಅಳತೆ. ಅಕ್ಕಿಹಿಟ್ಟಿನ ಕೆಲಸವನ್ನು ಚಕ್ಕುಲಿ ಮಾಡುವವರಿಗೆ ಹೇಳಬೇಕಾಗಿಲ್ಲ.

ಮೂರೂ ಹಿಟ್ಟನ್ನು ಜರಡಿ ಹಿಡಿದು, ಬೆಣ್ಣೆಯನ್ನು ಚೂರು ಮಾಡಿ ಹಾಕಿ ಬೆರಳ ತುದಿಯಿಂದ ತಿಕ್ಕುತ್ತೇನೆ. ಅಂಗೈ ತಾಗಿಸುವುದಿಲ್ಲ, ಅಂಗೈಯ ಬಿಸಿಗೆ ಬೆಣ್ಣೆ ಕರಗಿ ಹಿಟ್ಟು ಜಿಡ್ಡಾಗುತ್ತದೆ. ಹಿಟ್ಟು ರವೆಯಂತೆ ಉದುರುದುರಾದಾಗ ಚೀಸ್ ಸೇರಿಸಿ, ತಣ್ಣೀರನ್ನು ಚಮಚದ ಲೆಕ್ಕದಲ್ಲಿ ಚಿಮುಕಿಸುತ್ತೇನೆ. ಬೇಸಗೆಯಲ್ಲಿ ಮೂರು ಚಮಚ ಬೇಕಾಗುವ ಹಿಟ್ಟಿಗೆ ಆಷಾಢದಲ್ಲಿ ಎರಡು ಸಾಕು, ಡಬ್ಬಿಯ ಹಿಟ್ಟೇ ಅಷ್ಟು ಥಂಡಿ ಹೀರಿರುತ್ತದೆ. ಮನೆಯಲ್ಲಿ ಕಡೆದ ಬೆಣ್ಣೆಯಾದರೆ ನೀರಿನಂಶ ಇನ್ನೂ ಹೆಚ್ಚು. ಅದನ್ನು ಹಿಂಡಿ ತೆಗೆದು ಬಳಸಬೇಕು. ಉಂಡೆಯಾದರೆ ಸಾಕು, ನಾದಬಾರದು. ಚಪಾತಿಯ ಹಿಟ್ಟಿನಂತೆ ನಾದಿದರೆ ಬಿಸ್ಕತ್ತು ಬಿರುಸಾಗುತ್ತದೆ. ಮುಚ್ಚಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು, ಎರಡು ಹಾಳೆಗಳ ನಡುವೆ ರೊಟ್ಟಿಗಿಂತ ತೆಳ್ಳಗೆ, ಎರಡೂವರೆ ಮಿಲಿಮೀಟರಿನಷ್ಟು ಲಟ್ಟಿಸಿ, ಶಂಕರಪೋಳಿಯ ಹಾಗೆ ಚೌಕ ಕತ್ತರಿಸುತ್ತೇನೆ. ಪ್ರತಿ ತುಂಡಿನ ನಡುವೆ ಬಿದಿರುಕಡ್ಡಿಯಿಂದ ಒಂದು ತೂತು ಮಾಡುವುದನ್ನು ಮರೆಯಬಾರದು. ಒಳಗಿನ ಆವಿ ಆ ತೂತಿನಿಂದ ಹೊರಟರೆ ಸರಿ, ಇಲ್ಲದಿದ್ದರೆ ತುಂಡು ಪೂರಿಯಂತೆ ಉಬ್ಬಿ ನಡುವೆ ಟೊಳ್ಳಾಗುತ್ತದೆ. ತೂತು ಮಾಡುವ ಕೆಲಸ ಮಗನದು.

ಇಷ್ಟರವರೆಗೆ ಯಾವ ಊರಿನಲ್ಲಿ ಮಾಡಿದರೂ ಒಂದೇ. ಬೇಯಿಸುವುದರಲ್ಲಿ ಮಾತ್ರ ಮಲೆನಾಡಿನ ಲೆಕ್ಕವೇ ಬೇರೆ. ಮೊದಲ ಸಲ 180 ಡಿಗ್ರಿಯಲ್ಲಿ ಹನ್ನೆರಡು ನಿಮಿಷ ಇಟ್ಟು ತೆಗೆದೆ. ತಟ್ಟೆಯಲ್ಲಿದ್ದಾಗ ಗರಿಗರಿಯಾಗಿಯೇ ಇತ್ತು. ಮರುದಿನ ತಿಂಡಿಡಬ್ಬಿಗೆ ಹಾಕಿ ಕಳಿಸಿದೆ, ಸಂಜೆ ಡಬ್ಬಿ ಹಾಗೇ ವಾಪಸು ಬಂತು. "ಬಾಗುತ್ತದೆ ಅಮ್ಮಾ" ಎಂದಳು ಮಗಳು, ಒಂದು ತುಂಡನ್ನು ಎರಡು ಬೆರಳಲ್ಲಿ ಹಿಡಿದು ಬಾಗಿಸಿ ತೋರಿಸುತ್ತ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಆಗುಂಬೆಯ ಮಗ್ಗುಲಲ್ಲಿ ನಾವಿದ್ದೇವೆ. ಶ್ರಾವಣದಲ್ಲಿ ಬೆಂಕಿಪೆಟ್ಟಿಗೆಯೇ ಹತ್ತುವುದಿಲ್ಲ. ಒಳಗೆ ಚೂರು ಪಸೆ ಉಳಿದ ಬಿಸ್ಕತ್ತು ಈ ಗಾಳಿಗೆ ಎಷ್ಟು ಹೊತ್ತು ತಡೆದೀತು? ಬೆಂದರಷ್ಟೇ ಸಾಲದು, ಅದು ಒಣಗಬೇಕು. ಇದು ನನಗೆ ತಿಳಿಯಲು ನಾಲ್ಕು ಸಲದ ಹಿಟ್ಟು ಖರ್ಚಾಯಿತು.

ಕಾವು ಹೆಚ್ಚಿಸಿ ಒಣಗಿಸಲು ಹೋದರೆ ಚೀಸ್ ಸೀದು ಕಹಿಯಾಗುತ್ತದೆ. ಹಾಗಾಗಿ ಕಾವು ಇಳಿಸಿ ಹೊತ್ತು ಹೆಚ್ಚಿಸಿದೆ. ಓವನ್ನನ್ನು ಮೊದಲೇ ಕಾಯಿಸಿ, 165 ಡಿಗ್ರಿಯಲ್ಲಿ ಹದಿನೆಂಟು ನಿಮಿಷ, ನಡುವೆ ಒಮ್ಮೆ ತಟ್ಟೆಯ ದಿಕ್ಕು ಬದಲಿಸುತ್ತೇನೆ. ಮೂರು ತಟ್ಟೆಯೂ ಬೆಂದ ಮೇಲೆ ಎಲ್ಲವನ್ನೂ ಒಟ್ಟಿಗೆ ಹರಡಿ 110 ಡಿಗ್ರಿಯಲ್ಲಿ ಇನ್ನೊಂದು ಕಾಲು ಗಂಟೆ ಇಟ್ಟು, ಆರಿಸಿ, ಬಾಗಿಲಿಗೆ ಮರದ ಸೌಟು ಸಿಕ್ಕಿಸಿ ಎರಡು ಬೆರಳಷ್ಟು ತೆರೆದು ಬಿಡುತ್ತೇನೆ. ಒಳಗಿನ ಪಸೆ ಆ ಸಂದಿಯಿಂದ ಹೊರಹೋಗುತ್ತದೆ.

ಬೆಂದಿತೋ ಇಲ್ಲವೋ ಎಂದು ಬಣ್ಣ ನೋಡಿ ಹೇಳಲಾಗದು, ರಾಗಿಯಿಂದ ಹಸಿ ಹಿಟ್ಟೇ ಕಂದಾಗಿರುತ್ತದೆ. ಇದಕ್ಕೆ ದಾರಿ ತೋರಿಸಿದವರು ಅತ್ತೆ. ಹಲಸಿನ ಹಪ್ಪಳ ಒಣಗಿತೇ ಎಂದು ನೋಡಲು ಅವರು ಒಂದನ್ನು ಕಿವಿಯ ಹತ್ತಿರ ಹಿಡಿದು ಮುರಿಯುತ್ತಾರೆ. ಅದೇ ರೀತಿ ತಟ್ಟೆಯ ನಡುವಿನಿಂದ ಒಂದು ತುಂಡು ತೆಗೆದು, ಎರಡು ನಿಮಿಷ ಆರಲು ಬಿಟ್ಟು, ಕಿವಿಯ ಬಳಿ ಮುರಿದರು. "ಟಕ್" ಎನ್ನಬೇಕು. "ಪಟ್" ಎಂದು ಮಂದವಾಗಿ ಮುರಿದರೆ ನಡುವೆ ಇನ್ನೂ ಪಸೆಯಿದೆ ಎಂದರ್ಥ. ಮುರಿದ ಮೈಯನ್ನು ಬೆಳಕಿಗೆ ಹಿಡಿದರೆ ಅದೇ ಕಾಣುತ್ತದೆ: ಒಣಗಿದ್ದಕ್ಕೆ ಅಂಚಿನಿಂದ ಅಂಚಿಗೆ ಒಂದೇ ಬಣ್ಣ, ಹಸಿಯಿದ್ದರೆ ನಡುವೆ ದಾರದಷ್ಟು ತೆಳ್ಳಗಿನ ಮಬ್ಬು ಗೆರೆ. ಬಿಸಿಯಲ್ಲಿ ಮುರಿದು ನೋಡಿ ಪ್ರಯೋಜನವಿಲ್ಲ, ಬಿಸಿಯಲ್ಲಿ ಎಲ್ಲವೂ ಮೆತ್ತಗೇ ಇರುತ್ತದೆ.

ನಮ್ಮಲ್ಲಿ ಗಾಳಿಮಳೆಗೆ ಕರೆಂಟು ಹೋದರೆ ಬರುವ ಹೊತ್ತನ್ನು ಹೇಳಲಾಗದು. ಒಮ್ಮೆ ಎರಡನೆಯ ತಟ್ಟೆ ಓವನ್ನಿನಲ್ಲಿ ಅರ್ಧ ಬೆಂದಿದ್ದಾಗ ಹೋಯಿತು. ದೋಸೆಯ ದಪ್ಪ ಕಬ್ಬಿಣದ ಕಾವಲಿಯನ್ನು ಸಣ್ಣ ಉರಿಯಲ್ಲಿಟ್ಟು, ತುಂಡುಗಳನ್ನು ಜೋಡಿಸಿ, ಮಗುಚಿ ಹಾಕುತ್ತ ಒಂದೊಂದು ಬದಿ ಆರೇಳು ನಿಮಿಷ ಬೇಯಿಸಿದೆ. ಮುಚ್ಚಳ ಮುಚ್ಚಲಿಲ್ಲ, ಮುಚ್ಚಿದರೆ ಆವಿ ಮತ್ತೆ ಅದರ ಮೇಲೇ ಇಳಿಯುತ್ತದೆ. ಒಣಗಿಸಲು ಅತ್ತೆ ತಟ್ಟೆಯನ್ನು ಕಟ್ಟಿಗೆ ಒಲೆಯ ಮೇಲಿನ ಅಟ್ಟಕ್ಕೆ, ಮುರುಗಲ ಸಿಪ್ಪೆ ಒಣಗುವ ಜಾಗಕ್ಕೆ ಏರಿಸಿದರು. ರಾತ್ರಿಯ ಅಡುಗೆ ಮುಗಿದು ಕೆಂಡ ಮಾತ್ರ ಉಳಿದಿತ್ತು. ಬೆಳಿಗ್ಗೆ ಇಳಿಸಿದಾಗ ಟಕ್ ಎಂದೇ ಮುರಿಯಿತು. ಸಣ್ಣಗೆ ಹೊಗೆಯ ಪರಿಮಳ ಹತ್ತಿತ್ತು. ಓವನ್ನಿನದಕ್ಕಿಂತ ಅದೇ ಚೆನ್ನಾಗಿತ್ತೆಂದು ನಾನು ಈಗಲೂ ಹೇಳುತ್ತೇನೆ.

ಡಬ್ಬಿಗೆ ತುಂಬುವ ಮೊದಲು ಪೂರ್ತಿ ಆರಬೇಕು, ಆದರೆ ಆರಿದ ಮೇಲೆ ಹೊರಗೆ ಬಿಡಬಾರದು. ಮಳೆಗಾಲದಲ್ಲಿ ಈ ಎರಡರ ನಡುವಿನ ಅಂತರ ಅರ್ಧ ಗಂಟೆ ಮಾತ್ರ. ನಾನು ಒಂದೇ ದೊಡ್ಡ ಡಬ್ಬಿಯಲ್ಲಿ ಇಡುವುದನ್ನು ಬಿಟ್ಟು, ಎರಡೆರಡು ದಿನಕ್ಕಾಗುವಷ್ಟನ್ನು ಬಿಗಿ ಮುಚ್ಚಳದ ನಾಲ್ಕು ಸಣ್ಣ ಡಬ್ಬಿಗಳಲ್ಲಿ ಹಂಚಿಡುತ್ತೇನೆ. ದೊಡ್ಡ ಡಬ್ಬಿಯನ್ನು ಮಕ್ಕಳು ದಿನಕ್ಕೆ ಹತ್ತು ಸಲ ತೆರೆಯುತ್ತಾರೆ, ಪ್ರತಿ ಸಲವೂ ಥಂಡಿ ಗಾಳಿ ಒಳಗೆ ಹೋಗುತ್ತದೆ. ಪ್ರತಿ ಡಬ್ಬಿಯ ತಳದಲ್ಲಿ ಹುರಿದು ಆರಿಸಿದ ಅಕ್ಕಿಯ ಸಣ್ಣ ಬಟ್ಟೆಗಂಟು ಇರುತ್ತದೆ. ಇಷ್ಟಾದರೂ ಏಳೆಂಟನೆಯ ದಿನಕ್ಕೆ ಮೆತ್ತಗಾದರೆ 110 ಡಿಗ್ರಿಯಲ್ಲಿ ಎಂಟು ನಿಮಿಷ ಇಟ್ಟರೆ ಮತ್ತೆ ಮೊದಲಿನಂತೆ.

ಈ ಶನಿವಾರದ ಹಿಟ್ಟಿಗೆ ಮಗಳು ಎರಡು ಚಮಚ ಕರಿ ಎಳ್ಳು ಸೇರಿಸಬೇಕೆಂದಿದ್ದಾಳೆ. ಕಿವಿಯ ಬಳಿ ಹಿಡಿದು ಮುರಿದು ನೋಡುವ ಕೆಲಸವನ್ನೂ ಈಗ ಅವಳೇ ಮಾಡುತ್ತಾಳೆ. ಮೊನ್ನೆ ನಾನು ಸಾಕೆಂದು ಇಳಿಸಿದ ತಟ್ಟೆಯನ್ನು "ಇನ್ನೂ ಐದು ನಿಮಿಷ" ಎಂದು ತಿರುಗಿ ಒಳಗಿಡಿಸಿದಳು.